ಮಂಗಳಕ್ಕನ ಏಳು ಸಾವಿರ ಪಾಲು

ನಿಮ್ಮ ಕೆಲಸ ಏನು ಎಂದು ಪರವೂರಿನವರು ಕೇಳಿದರೆ ನಾನು ಇವತ್ತಿಗೂ ತಡವರಿಸುತ್ತೇನೆ. ಆರೋಗ್ಯ ವಿಮೆ ಕಚೇರಿಯಲ್ಲಿ ಪಾಲು ಹಾಕುತ್ತೇನೆ ಎಂದರೆ ಅವರಿಗೆ ಅರ್ಥವಾಗುವುದಿಲ್ಲ, ಬಿಡಿಸಿ ಹೇಳಲು ಹೋದರೆ ನನಗೇ ಅರ್ಥವಾಗುವುದಿಲ್ಲ. ನಮ್ಮೂರಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಊರವರೆಲ್ಲ ಅದನ್ನು ಹಂಚಿಕೊಳ್ಳುತ್ತಾರೆ. ಡಾಕ್ಟರು ನೋಡಿ ಇದು ಇಷ್ಟು ಪಾಲಿನ ಕಾಯಿಲೆ ಎಂದು ಚೀಟಿ ಬರೆಯುತ್ತಾರೆ. ಒಂದು ಪಾಲೆಂದರೆ ಒಬ್ಬ ಮನುಷ್ಯ ಒಂದು ದಿನ ತಡೆದುಕೊಳ್ಳುವಷ್ಟು. ಕಾಯಿಲೆಯವರು ಚೀಟಿಗೆ ಹೆಬ್ಬೆಟ್ಟು ಒತ್ತುತ್ತಾರೆ, ನಾನು ದಫ್ತರದಲ್ಲಿರುವ ಸಾವಿರ ಹೆಸರುಗಳ ಮುಂದೆ ಪಾಲು ಬರೆಯುತ್ತೇನೆ. ಮಾರನೆಯ ಬೆಳಿಗ್ಗೆ ಕಾಯಿಲೆಯವರು ಎದ್ದು ಆರಾಮಾಗಿ ಹಲ್ಲುಜ್ಜುತ್ತಾರೆ, ಊರವರು ಅಲ್ಲಲ್ಲಿ ಸೀನುತ್ತಾ ಕೆಲಸಕ್ಕೆ ಹೋಗುತ್ತಾರೆ. ಇದಕ್ಕೆ ಬೇರೆ ಕಂತು ಅಂತ ಇಲ್ಲ. ಇನ್ನೊಬ್ಬರದನ್ನು ಅನುಭವಿಸುವುದೇ ಕಂತು.

ಯಾರಿಗೂ ಒಂದೇ ಕಾಯಿಲೆಯ ಮೂರಕ್ಕಿಂತ ಹೆಚ್ಚು ಪಾಲು ಕೊಡುವಂತಿರಲಿಲ್ಲ. ಕೊಟ್ಟರೆ ಜನ ದಫ್ತರದಿಂದ ಹೆಸರು ಹೊಡೆಸಿಕೊಂಡು ಹೋಗುತ್ತಾರೆ. ಮೂರು ದಿನಕ್ಕೆ ಮುಗಿಯದೆ ಉಳಿದದ್ದನ್ನು ಹೊಳೆಯ ಆಚೆದಡದ ಊರಿಗೆ ಕಳಿಸುತ್ತಿದ್ದೆವು. ನಮ್ಮ ಭಾಷೆಯಲ್ಲಿ ಅದು ಮರುವಿಮೆ. ನಮ್ಮ ದೊಡ್ಡ ಕಾಯಿಲೆ ಅವರು ಹೊರಬೇಕು, ಬದಲಿಗೆ ಅವರ ಚಿಲ್ಲರೆ ಕಾಯಿಲೆಗಳು, ಅಂದರೆ ನೆಗಡಿ, ಕಣ್ಣುರಿ, ಕಾಲು ಉಳುಕು, ಇವನ್ನೆಲ್ಲ ನಾವು ಹೊರಬೇಕು. ಚೀಟಿಗಳನ್ನು ಹಿತ್ತಾಳೆ ಡಬ್ಬಿಯಲ್ಲಿಟ್ಟುಕೊಂಡು ಓಡಾಡುತ್ತಿದ್ದವನು ಜಾನಕಿರಾಮ ಎಂಬ ಏಜೆಂಟ್. ಹೀಗೆ ಊರಿಂದ ಊರಿಗೆ ಹೋಗುವ ಚೀಟಿಯಲ್ಲಿ ಹೆಬ್ಬೆಟ್ಟಿನ ಭಾಗವನ್ನು ಒಳಗೆ ಮಡಚಿ ಗೋಂದು ಹಚ್ಚಿರುತ್ತಾರೆ. ಕಾಯಿಲೆ ಏನು ಎಂದು ಕೇಳಬಹುದು, ಯಾರದು ಎಂದು ಕೇಳಬಾರದು. ಕೇಳಿದರೆ ಹೊರುವವರ ಮನಸ್ಸು ಕೆಡುತ್ತದೆ ಎಂದು ಹಿಂದಿನವರು ಮಾಡಿಟ್ಟ ಪದ್ಧತಿ. ನನಗೆ ಈ ಪದ್ಧತಿ ಬಹಳ ಸಭ್ಯವಾಗಿ ಕಂಡಿತ್ತು.

ನನ್ನ ಅಕ್ಕ ಸರ್ವಮಂಗಳಾ, ಊರವರ ಬಾಯಲ್ಲಿ ಮಂಗಳಕ್ಕ, ಹಿಟ್ಟಿನ ಗಿರಣಿ ನಡೆಸುತ್ತಾಳೆ. ಭಾವ ಹೋದ ಮೇಲೆ ನಾನು ಅವಳ ಮನೆಯಲ್ಲೇ ಇದ್ದೇನೆ, ಅಥವಾ ಅವಳು ನನ್ನನ್ನು ಇಟ್ಟುಕೊಂಡಿದ್ದಾಳೆ, ಎರಡರಲ್ಲಿ ಯಾವುದೆಂದು ನಾವು ತೀರ್ಮಾನಿಸಿಲ್ಲ. ಇಪ್ಪತ್ತೆರಡು ವರ್ಷ ಹಿಟ್ಟಿನ ದೂಳು ಕುಡಿದ ಅವಳ ಶ್ವಾಸಕೋಶ ಎರಡು ವರ್ಷದ ಹಿಂದೆ ಕೈಕೊಟ್ಟಿತು. ಡಾಕ್ಟರು ಎಂಟು ಸಾವಿರ ಪಾಲು ಎಂದು ಬರೆದರು. ಅಷ್ಟು ದೊಡ್ಡ ಚೀಟಿಯನ್ನು ನಾನು ಕಂಡೇ ಇರಲಿಲ್ಲ. ಒಬ್ಬಳೇ ಹೊತ್ತರೆ ವಾರ ಉಳಿಯುವುದಿಲ್ಲ ಎಂದರು. ಅಂದೇ ಪಾಲು ಹಾಕಿದೆ. ಊರಿಗೆ ಮೂರು ಸಾವಿರ, ಆಚೆದಡಕ್ಕೆ ಐದು ಸಾವಿರ. ಮೂರು ದಿನ ಊರೆಲ್ಲ ಕೆಮ್ಮಿತು. ಕೆಮ್ಮಿನ ಕೊನೆಗೆ ಎಲ್ಲರ ಮೂಗಿನಲ್ಲೂ ಹೊಸ ರಾಗಿ ಹಿಟ್ಟಿನ ವಾಸನೆ ಬರುತ್ತಿತ್ತು. ನಾಲ್ಕನೆಯ ದಿನ ಅಕ್ಕ ಗಿರಣಿಯ ಬೆಲ್ಟ್ ಏರಿಸಿ, ಸಾಲಿನಲ್ಲಿ ನಿಂತವರನ್ನು ಎಂದಿನಂತೆ ಬೈದಳು. ನಾನು ಕಚೇರಿಯ ಹಿಂದೆ ಹೋಗಿ ಖುಷಿಗೆ ಅತ್ತೆ.

ಆ ವರ್ಷವೇ ನಮ್ಮ ಮ್ಯಾನೇಜರ್ ಪರಮಶಿವಯ್ಯನವರಿಗೆ ಹೊಸ ಯೋಜನೆ ತರುವ ಹುಮ್ಮಸ್ಸು ಬಂತು. ಗುಡ್ಡದ ಮೇಲಿನ ಊರಿನವರು ನಮ್ಮ ಹಲ್ಲುನೋವನ್ನೆಲ್ಲ ಒಂದೂ ಬಿಡದೆ ತೆಗೆದುಕೊಳ್ಳಲು ಸಿದ್ಧರಿದ್ದಾರೆ ಎಂದು ಜಾನಕಿರಾಮ ಸುದ್ದಿ ತಂದಿದ್ದ. ಬದಲಿಗೆ ಅವರ ಊರಿಗೆ ಹೊರಲಾಗದೆ ಉಳಿದ ಯಾವುದೇ ಕಾಯಿಲೆಯನ್ನು ನಾವು ತೆಗೆದುಕೊಳ್ಳಬೇಕು. ಕರಾರು ಓದಿ ನೋಡು ಇಂದುಮತಿ ಎಂದು ಪರಮಶಿವಯ್ಯ ನನಗೇ ಕೊಟ್ಟರು. ಓದಿದೆ. ಗುಡ್ಡದಲ್ಲಿರುವುದು ನಾನೂರು ಜನ, ಅವರದು ಎಷ್ಟು ಕಾಯಿಲೆ ಇದ್ದೀತು ಎಂದು ಲೆಕ್ಕ ಹಾಕಿ ಸಹಿ ಮಾಡಿದೆ. ಅವರ ಊರಿಗೆ ಕಾಯಿಲೆ ಬೇರೆ ಎಲ್ಲಿಂದಲಾದರೂ ಬರುತ್ತದೆಯೇ ಎಂದು ಕೇಳಲಿಲ್ಲ. ಕೇಳುವುದು ಸಭ್ಯತೆಯಲ್ಲ. ಹಲ್ಲುನೋವಿನ ಯೋಜನೆಗೆ ಊರು ಹುಚ್ಚೆದ್ದು ಕುಣಿಯಿತು. ಮುದುಕರು ಬೆಲ್ಲದಚ್ಚು ಕಡಿದರು. ಪರಮಶಿವಯ್ಯನವರಿಗೆ ಹಾರ ಹಾಕಿದರು, ನನಗೂ ಒಂದು ಚಿಕ್ಕದನ್ನು ಹಾಕಿದರು.

ಆಮೇಲೆ ಗುಡ್ಡದಿಂದ ಮೊದಲ ಚೀಟಿ ಬಂತು. ಕೆಮ್ಮು, ಆರು ಸಾವಿರ ಪಾಲು. ನಾನು ಕಣ್ಣು ಕಣ್ಣು ಬಿಟ್ಟೆ. ನಾನೂರು ಜನರ ಊರಿನಲ್ಲಿ, ಅವರು ಹೊತ್ತು ಮಿಕ್ಕಿದ್ದೇ ಆರು ಸಾವಿರ ಎಂದರೆ ಏನರ್ಥ? ಆದರೂ ಕರಾರು ಕರಾರೇ. ಮೂರು ಸಾವಿರವನ್ನು ಊರಿಗೆ ಹಂಚಲು ಕೂತಾಗ ಪರಮಶಿವಯ್ಯ ತಡೆದರು. ಪರರ ಕಾಯಿಲೆಗೆ ಮೂರು ದಿನ ಕೆಮ್ಮಿ ಎಂದರೆ ಜನ ಹಾರ ವಾಪಸ್ ಕೇಳುತ್ತಾರೆ ಎಂದು ಅವರಿಗೆ ಭಯ. ತಲೆಗೆ ಒಂದೇ ಪಾಲು ಎಂದು ಮಿತಿ ಇಳಿಸಿದರು. ಸಾವಿರ ಪಾಲು ಊರಿಗೆ ಬಂತು, ಐದು ಸಾವಿರ ಎಂದಿನಂತೆ ಆಚೆದಡಕ್ಕೆ ಹೋಯಿತು. ಆ ಒಂದು ದಿನ ಊರೆಲ್ಲ ಕೆಮ್ಮುವಾಗ ಮತ್ತೆ ರಾಗಿ ಹಿಟ್ಟಿನ ವಾಸನೆ. ಗುಡ್ಡದಲ್ಲೂ ಯಾರೋ ಗಿರಣಿಯವಳು ಇರಬೇಕು ಎಂದು ಜನ ಮಾತಾಡಿಕೊಂಡರು. ಅಕ್ಕನಿಗೂ ಒಂದು ಪಾಲು ಬಂದಿತ್ತು. ಅವಳು ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಒರೆಸಿಕೊಂಡು, "ಪಾಪ ಕಣೇ ಇಂದೂ, ನನ್ನಂಥೋಳೇ ಯಾರೋ. ಬಾಯಿಗೆ ಬಟ್ಟೆ ಕಟ್ಕೊಂಡು ಹಿಟ್ಟು ಬೀಸು ಅಂತ ಹೇಳ್ಕಳಿಸು" ಎಂದಳು. ಜಾನಕಿರಾಮನ ಕೈಯಲ್ಲಿ ಆ ಕಾಣದ ಹೆಂಗಸಿಗೆ ಒಂದು ಸೇರು ಹುರಿಹಿಟ್ಟನ್ನೂ ಕೊಟ್ಟಳು. ಅವನು ದಾರಿಯಲ್ಲಿ ತಿಂದಿರಬೇಕು.

ಈ ವರ್ಷ ಗುಡ್ಡದಿಂದ ಎರಡನೆಯ ಚೀಟಿ ಬಂತು. ಕೆಮ್ಮು, ಏಳು ಸಾವಿರ ಪಾಲು. ನನಗೆ ತಲೆಬುಡ ಗೊತ್ತಾಗಲಿಲ್ಲ. ಮೂರು ದಿನ ಕಾಗದದ ಮೇಲೆ ಗೀಟು ಹಾಕಿ ಹಾಕಿ ಕೂತೆ. ನಾವು ಆಚೆದಡಕ್ಕೆ ಕಳಿಸುತ್ತೇವೆ. ಆಚೆದಡದವರು ತಮಗೆ ಮಿಕ್ಕಿದ್ದನ್ನು ಎಲ್ಲಿಗೆ ಕಳಿಸುತ್ತಾರೆ? ಗುಡ್ಡದವರಿಗೆ ಎಲ್ಲಿಂದ ಬರುತ್ತದೆ? ಕೊನೆಗೆ ಜಾನಕಿರಾಮನನ್ನು ಕೂರಿಸಿಕೊಂಡು, ಬಾಳುವೆಯಲ್ಲೇ ಮೊದಲ ಸಲ ಆ ಅಸಭ್ಯ ಮಾತು ಕೇಳಿದೆ. "ಇದು ಯಾರದು?"

ಅವನು ಕೂತ ಜಾಗದಲ್ಲೇ ಹಿಂದೆ ಸರಿದ. "ಅಮ್ಮಾ, ನೀವು ತಿಳಿದೋರು. ಹಂಗೆಲ್ಲ ಕೇಳ್ಬಾರದು."

"ಆಚೆದಡದೋರು ಮಿಕ್ಕಿದ್ದನ್ನ ಯಾರಿಗೆ ಕೊಡ್ತಾರೆ, ಅದಾದ್ರೂ ಹೇಳು."

"ಗುಡ್ಡದೋರಿಗೆ" ಎಂದ. ಅದನ್ನು ಹೇಳಿದ ಮೇಲೆ ಅವನ ಮುಖವೂ ಸಣ್ಣಗಾಯಿತು. ಇಷ್ಟು ವರ್ಷ ಮೂರೂ ಊರು ತಿರುಗಿದವನಿಗೆ ತಾನು ತಿರುಗುತ್ತಿರುವುದು ದುಂಡಗೆ ಎಂದು ಹೊಳೆದೇ ಇರಲಿಲ್ಲ.

ನಾನು ಚೀಟಿಯ ಮಡಿಕೆಗೆ ನೀರು ಸವರಿ ಗೋಂದು ಬಿಡಿಸಿದೆ. ಒಳಗಿದ್ದ ಹೆಬ್ಬೆಟ್ಟಿನ ಗುರುತಿಗೆ ನಡುವೆ ಅಡ್ಡಲಾಗಿ ಒಂದು ಬಿಳಿ ಗೀಟು. ಗಿರಣಿಯ ಬೆಲ್ಟಿಗೆ ಸಿಕ್ಕಿ ಅಕ್ಕನ ಹೆಬ್ಬೆರಳು ಸೀಳಿದಾಗ ಅವಳನ್ನು ಕರೆದೊಯ್ದು ಹೊಲಿಗೆ ಹಾಕಿಸಿದವಳು ನಾನೇ. ಸುಂಕ ತಪ್ಪಿಸಲು ಊರೆಲ್ಲ ಸುತ್ತಿ ಕೊನೆಗೆ ಸುಂಕದ ಕಟ್ಟೆಯ ಮುಂದೆಯೇ ಬೆಳಗು ಮಾಡಿದ ಗಾಡಿಯವನ ಕಥೆ ನಮ್ಮದಾಗಿತ್ತು. ಎರಡು ವರ್ಷದ ಹಿಂದೆ ಕಳಿಸಿದ ಕಾಯಿಲೆಯೇ ಆಚೆದಡ, ಗುಡ್ಡ ಎಂದು ಎರಡು ಸುತ್ತು ಬಂದಿತ್ತು. ಹಂಚದೆ ಇಟ್ಟ ಕಾಯಿಲೆ ದೋಸೆ ಹಿಟ್ಟಿನ ಹಾಗೆ ಉಬ್ಬುತ್ತದೆ. ಕಚೇರಿ ಕಚೇರಿಗಳಲ್ಲಿ ಕಾಯುತ್ತಾ ಕೂತು ಅದು ಈಗ ಏಳು ಸಾವಿರವಾಗಿತ್ತು. ನಾವು ಮಿತಿ ಇಳಿಸಿದಷ್ಟೂ ಅದು ಬೆಳೆದು ಬಂದಿತ್ತು. ನಾನು ಅದನ್ನು ಪ್ರತಿ ಸಲವೂ ಹೊಸ ಕಾಯಿಲೆ ಎಂದು ಅಂದವಾಗಿ ಬರೆದುಕೊಂಡಿದ್ದೆ.

ತಿರುಗಿ ಬಂದದ್ದೆಂದು ಗೊತ್ತಾದ ಕಾಯಿಲೆಯನ್ನು ಮತ್ತೆ ಹೊರಗೆ ಕಳಿಸುವಂತಿಲ್ಲ. ಎಂಟು ದಿನದೊಳಗೆ ಊರೇ ಪೂರ್ತಿ ಪಾಲು ಹಂಚಿಕೊಂಡು ಮುಗಿಸಬೇಕು. ಇಲ್ಲದಿದ್ದರೆ ಹೆಬ್ಬೆಟ್ಟಿನವರಿಗೇ ಪೂರ್ತಿ ಹೋಗುತ್ತದೆ. ಪರಮಶಿವಯ್ಯ ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದರು: "ಗೋಂದು ಮತ್ತೆ ಹಚ್ಚಿಬಿಡಮ್ಮ. ಗೊತ್ತಾಗ್ಲಿಲ್ಲ ಅಂತ ಕಳಿಸೋಣ. ಇನ್ನೊಂದು ವರ್ಷ ನಿಮ್ಮಕ್ಕನೂ ಚೆನ್ನಾಗಿರ್ತಾಳೆ, ಊರೂ ಚೆನ್ನಾಗಿರುತ್ತೆ."

"ಇನ್ನೊಂದು ವರ್ಷಕ್ಕೆ ಹತ್ತು ಸಾವಿರ ಆಗಿ ಬಂದ್ರೆ?"

"ಆಗ ನಾನು ರಿಟೈರ್ ಆಗಿರ್ತೀನಿ."

ಗೋಂದಿನ ಶೀಶೆ ಮೇಜಿನ ಮೇಲೆಯೇ ಇತ್ತು. ಸುಳ್ಳೇಕೆ ಹೇಳಲಿ, ಮುಚ್ಚಳ ತೆಗೆದೂ ಇದ್ದೆ. ಅಷ್ಟರಲ್ಲಿ ಜಾನಕಿರಾಮ ಗಿರಣಿಗೆ ಹೋಗಿ ಅಕ್ಕನ ಮುಂದೆ ಎಲ್ಲ ಒದರಿಬಿಟ್ಟಿದ್ದ. ಅವಳು ಮೈಯೆಲ್ಲ ಹಿಟ್ಟು ಮಾಡಿಕೊಂಡೇ ಕಚೇರಿಗೆ ಬಂದು ನಿಂತಳು. "ನಂದಂತಲ್ಲೇ ಅದು. ನಂಗೆ ಕೊಡು ಮತ್ತೆ" ಎಂದಳು, ಮರೆತುಹೋದ ಚೀಲ ಕೇಳುವವಳ ಹಾಗೆ. ಹುರಿಹಿಟ್ಟನ್ನು ತನಗೆ ತಾನೇ ಕಳಿಸಿಕೊಂಡದ್ದು ನೆನಪಾಗಿ ನಕ್ಕಳು ಕೂಡ. ನನಗೆ ನಗು ಬರಲಿಲ್ಲ. ಒಂದು ವಾರದಲ್ಲಿ ಸಾಯುತ್ತೀಯೆ ಎಂದು ಕೂಗಿದೆ. "ಊರೋರು ಎಷ್ಟು ಸಲ ಅಂತ ಕೆಮ್ತಾರೆ ನಂಗೋಸ್ಕರ? ನಾಚಿಕೆ ಆಗಲ್ವಾ?" ಎಂದು ಅವಳೂ ಕೂಗಿದಳು.

ಗೋಂದಿನ ಮುಚ್ಚಳ ಹಾಕಿದೆ. ಊರನ್ನೇ ಕೇಳುವುದು ಎಂದು ನಿಶ್ಚಯಿಸಿದೆ. ಮಿತಿ ಮೀರಿ ಪಾಲು ಕೊಡಬೇಕಾದರೆ ಪ್ರತಿಯೊಬ್ಬರೂ ತಾವಾಗಿ ಬಂದು ಹೆಬ್ಬೆಟ್ಟು ಒತ್ತಬೇಕು. ಸಾವಿರ ಜನರೂ ಬರುವುದಿಲ್ಲ ಎಂದು ಗೊತ್ತಿತ್ತು. ಎಂಟುನೂರ ಎಪ್ಪತ್ತೈದು ಜನ ಬಂದರೆ ತಲೆಗೆ ಎಂಟು ಪಾಲು, ಲೆಕ್ಕ ಸರಿಯಾಗಿ ಕೂರುತ್ತದೆ. ಎಂಟು ದಿನ ಜ್ವರ, ಕೆಮ್ಮು. ಇದನ್ನು ಹೇಳಲು ಕಚೇರಿ ಅಂಗಳದಲ್ಲಿ ಸಭೆ ಕರೆದೆ. ಹಲಗೆಯ ಮೇಲೆ ಮೂರು ಊರು ಬರೆದು ಬಾಣದ ಗುರುತು ಹಾಕಿ ವಿವರಿಸಿದೆ. ವಿವರಿಸಿದಷ್ಟೂ ಜನರ ಹುಬ್ಬು ಗಂಟಾಯಿತು.

"ಅಂದ್ರೆ ಹೋದ್ಸಲ ನಾವು ಕೆಮ್ಮಿದ್ದು ಗುಡ್ಡದೋರದಲ್ವಾ?" ಎಂದು ಹೂವಿನ ಅಂಗಡಿಯ ತಾಯಮ್ಮ ಕೇಳಿದಳು.

"ಅಲ್ಲ. ಮಂಗಳಕ್ಕಂದೇ."

"ಅದರ ಹಿಂದಿನ ಸಲ ಕೆಮ್ಮಿದ್ದು?"

"ಅದೂ ಮಂಗಳಕ್ಕಂದೇ."

"ಹಂಗಾದ್ರೆ ಗುಡ್ಡದೋರದು ನಮ್ಮ ಹತ್ರ ಏನಿದೆ?"

"ಏನೂ ಇಲ್ಲ. ನಮ್ಮ ಹಲ್ಲುನೋವು ಅವರ ಹತ್ರ ಇದೆ."

"ಅಯ್ಯೋ ಪಾಪ" ಎಂದು ಯಾರೋ ಹಿಂದಿನಿಂದ ಅಂದರು. ಮತ್ತೊಬ್ಬ ಎದ್ದು, ಎರಡು ಸಲ ಕೆಮ್ಮಿದರೂ ಮುಗಿಯದ ಕಾಯಿಲೆ ಮೂರನೇ ಸಲಕ್ಕೆ ಮುಗಿಯುತ್ತದೆ ಎಂದು ಯಾವ ಗ್ಯಾರಂಟಿ ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಈ ಸಲ ಏನನ್ನೂ ಹೊರಗೆ ಕಳಿಸುವುದಿಲ್ಲ, ಅದಕ್ಕೆ ಮುಗಿಯುತ್ತದೆ ಎಂದೆ. ಹಾಗಾದರೆ ಮೊದಲೇ ಯಾಕೆ ಕಳಿಸಿದಿರಿ ಎಂದ. ಅದಕ್ಕೆ ಉತ್ತರ ಹೇಳಲು ಹೋಗಿ, ಮೂರು ದಿನ ಮಿತಿ, ಒಂದು ದಿನ ಮಿತಿ ಎಂದೆಲ್ಲ ತೊದಲಿ, ಹಲಗೆಯ ಬಾಣವೊಂದನ್ನು ಅಳಿಸಿ ತಿರುಗಾ ಹಾಕಿದೆ. ಕೊನೆಗೆ ತಾಯಮ್ಮ ಕೈ ಬೀಸಿ ನನ್ನನ್ನು ನಿಲ್ಲಿಸಿದಳು. "ನಿನ್ನ ಲೆಕ್ಕ ನಂಗೆ ಒಂದು ಕಾಳೂ ತಿಳೀಲಿಲ್ಲ ಕಣವ್ವ. ಎಷ್ಟು ದಿನ ಕೆಮ್ಬೇಕು, ಅಷ್ಟು ಹೇಳು ಸಾಕು."

"ಎಂಟು ದಿನ."

ಅವಳು ಮುಂದೆ ಬಂದು ಹೆಬ್ಬೆರಳು ನೀಡಿದಳು. ಅವಳ ಹಿಂದೆ ಸಾಲು ಬೆಳೆಯಿತು. ಕೆಲವರು ಗೊಣಗುತ್ತಾ ಒತ್ತಿದರು, ಕೆಲವರು ನನ್ನ ಮುಖ ನೋಡದೆ ಮನೆಗೆ ಹೋದರು. ಹೋದವರ ಮೇಲೆ ನನಗೆ ಸಿಟ್ಟಿಲ್ಲ. ಎಳೆ ಮಕ್ಕಳ ತಾಯಂದಿರಿದ್ದರು, ದಿನಗೂಲಿಯವರಿದ್ದರು. ಬಂದವರ ಮೇಲೆ ಮಾತ್ರ ಏನು ಎಂದು ಹೇಳಲಾಗದ ಒಂದು ಪ್ರೀತಿ ಉಕ್ಕಿ ಬಂದು ಕಣ್ಣು ಮಂಜಾಗಿ, ಎರಡು ಹೆಸರು ತಪ್ಪಾಗಿ ಬರೆದೆ. ಪರಮಶಿವಯ್ಯನವರೂ ಒತ್ತಿದರು. ಹಂಗಾದರೂ ಹಾರ ಉಳಿಯಲಿ ಎಂದರು. ನಾನೂ ಒತ್ತಿದೆ. ಅಕ್ಕ ಬಂದು ಬೆರಳು ಚಾಚಿದಾಗ ಮಾತ್ರ, ಕಾಯಿಲೆಯವರಿಗೇ ಪಾಲು ಕೊಡುವ ಪದ್ಧತಿ ಇಲ್ಲ ಎಂದು ವಾಪಸ್ ಕಳಿಸಿದೆ.

ಎಂಟನೆಯ ದಿನ ಇಳಿಹೊತ್ತಿಗೆ ಎಣಿಸಿ ನೋಡಿದರೆ ಎಂಟುನೂರ ಎಪ್ಪತ್ತನಾಲ್ಕು. ಇನ್ನೊಮ್ಮೆ ಎಣಿಸಿದೆ. ಅಷ್ಟೇ. ಒಬ್ಬರು ಕಡಿಮೆ. ಎಂಟು ಪಾಲು ಹಾಗೇ ಉಳಿದಿತ್ತು. ಒಂದು ಪಾಲು ಉಳಿದರೂ ಚೀಟಿ ಮುಗಿದಂತಲ್ಲ, ಪೂರಾ ಏಳು ಸಾವಿರ ಅಕ್ಕನಿಗೆ ಹೋಗುತ್ತದೆ. ಬಾಗಿಲಲ್ಲಿ ನಿಂತು ಬೀದಿಯ ಆ ತುದಿ ಈ ತುದಿ ನೋಡುತ್ತಿದ್ದಾಗ ಚೆಲುವಯ್ಯ ಬಂದ. ಬಸ್ ಸ್ಟ್ಯಾಂಡಿನ ಪಕ್ಕ ಕೊಡೆ ರಿಪೇರಿ ಮಾಡುವ ಮುದುಕ. ಅವನ ಹೆಸರು ದಫ್ತರದಲ್ಲಿ ಇರಲಿಲ್ಲ. ಎಪ್ಪತ್ತೈದು ದಾಟಿದವರಿಗೆ ಪಾಲು ಕೊಡಬಾರದು, ಅವರ ಕಾಯಿಲೆಯನ್ನು ಮಾತ್ರ ಊರು ಹೊರಬೇಕು ಎಂದು ನಾನೇ ನಿಯಮ ಮಾಡಿ, ಅವನ ಹೆಸರನ್ನು ನಾನೇ ಹೊಡೆದು ಮೂರು ವರ್ಷವಾಗಿತ್ತು.

"ನಂಗೂ ಬರ್ಕೊಳವ್ವ" ಎಂದ.

"ನಿಮಗಿಲ್ಲ ತಾತ. ವಯಸ್ಸಾಯ್ತು."

"ಮೂರು ವರ್ಷದಿಂದ ನನ್ನ ಮಂಡಿನೋವು ಊರೋರು ಹೊರ್ತಾವ್ರೆ. ನಂಗೆ ಒಂದು ಸೀನು ಕೊಟ್ಟಿದ್ದೀರಾ? ಬೀದೀಲಿ ಎಲ್ರೂ ಕೆಮ್ಮುವಾಗ ನಾನೊಬ್ಬ ಗೂಟದಂಗೆ ಕೂತಿರ್ತೀನಿ. ಊರಲ್ಲಿ ಇದ್ದಂಗೇ ಅಲ್ಲ." ಹೆಬ್ಬೆರಳನ್ನು ಆಗಲೇ ಶಾಯಿಗೆ ಅದ್ದಿದ್ದ. "ಅರವತ್ತೊಂಬತ್ತು ಅಂತ ಬರ್ಕೊ. ಯಾರು ಕೇಳ್ತಾರೆ?"

ಕೇಳಬೇಕಾದವಳು ನಾನೊಬ್ಬಳೇ. ನಾನು ಕೇಳಲಿಲ್ಲ. ಅರವತ್ತೊಂಬತ್ತು ಎಂದು ಬರೆದೆ. ಅವನು ಒತ್ತಿ, ನನ್ನ ಮೇಜಿನ ಕಾಲಿಗೊರಗಿದ್ದ ಕೊಡೆಯನ್ನು ಬಿಚ್ಚಿ ನೋಡಿ, ಒಂದು ಕಡ್ಡಿ ಸಡಿಲವಾಗಿದೆ ಎಂದು ಹೇಳಿ ಹೋದ. ಆ ಎಂಟು ಪಾಲನ್ನೂ ನನ್ನ ಹೆಸರಿಗೇ ಬರೆದುಕೊಂಡು ನಾನು ಹದಿನಾರು ದಿನ ಕೆಮ್ಮಬಹುದಿತ್ತು. ಆ ಯೋಚನೆ ಆಗ ಬರಲಿಲ್ಲ. ಬಂದಿತ್ತೋ ಏನೋ, ಈಗ ಎಷ್ಟು ನೆನಪಿಸಿಕೊಂಡರೂ ಸ್ಪಷ್ಟವಾಗುವುದಿಲ್ಲ.

ಮಾರನೆಯ ಬೆಳಿಗ್ಗೆಯಿಂದ ಊರು ಮಲಗಿತು. ಹಾಲಿನವನು ಕೆಮ್ಮುತ್ತಾ ಹಾಲು ಚೆಲ್ಲಿದ, ಮೇಷ್ಟರು ಹಾಜರಿ ಕೂಗಲಾರದೆ ಸನ್ನೆ ಮಾಡಿದರು. ಅಕ್ಕನೊಬ್ಬಳು ಗಟ್ಟಿಮುಟ್ಟಾಗಿ, ಗಿರಣಿ ನಿಲ್ಲಿಸಿ, ಮೆಣಸಿನ ಕಷಾಯದ ಕೊಡ ಹೊತ್ತು ಮನೆ ಮನೆ ತಿರುಗಿದಳು. ಬಾಗಿಲಲ್ಲಿ ಲೋಟ ಕೊಟ್ಟು, ಕುಡಿದು ಮುಗಿಸುವವರೆಗೂ ನಿಂತುಕೊಳ್ಳುತ್ತಿದ್ದಳಂತೆ. ಆರನೆಯ ದಿನ ಸಂಜೆ ಅವಳು ಚೆಲುವಯ್ಯನ ಅಂಗಡಿಗೆ ಹೋದಾಗ ಅವನು ಗೋಡೆಗೆ ಒರಗಿ ಕೂತಿದ್ದ, ಉಸಿರಿರಲಿಲ್ಲ.

ಹೊತ್ತವರು ನಾಲ್ಕು ಸಲ ಚಟ್ಟ ಇಳಿಸಿ ಕೆಮ್ಮಿ ಸುಧಾರಿಸಿಕೊಂಡು ಮುಂದೆ ನಡೆದರು. ಡಾಕ್ಟರು ಸಾವಿನ ಕಾರಣ ವಯಸ್ಸು ಎಂದು ಬರೆಯಲು ಹೋಗಿ ನನ್ನ ದಫ್ತರ ನೋಡಿದರು. "ಅರವತ್ತೊಂಬತ್ತಕ್ಕೆ ಅದೇನು ಮಹಾ ವಯಸ್ಸು?" ಎಂದರು. ಮಂಗಳಕ್ಕನ ಕಾಯಿಲೆ ಎಂದು ಬರೆಯಲೇ ಎಂದು ಕೇಳಿದರು. ಆದರೆ ಮಂಗಳಕ್ಕ ಆಚೆ ಕಟ್ಟೆಯ ಮೇಲೆ ಲೋಟ ತೊಳೆಯುತ್ತಾ ಚೆನ್ನಾಗಿಯೇ ಕೂತಿದ್ದಳು. ಅವನಷ್ಟೇ ಪಾಲು ಹೊತ್ತ ಎಂಟುನೂರ ಎಪ್ಪತ್ತನಾಲ್ಕು ಜನರೂ ಬದುಕಿದ್ದರು. ಯಾರ ಲೆಕ್ಕಕ್ಕೆ ಬರೆಯುವುದೆಂದು ನಮ್ಮಿಬ್ಬರಿಗೂ ತಿಳಿಯಲಿಲ್ಲ, ಕಾರಣ ಬರೆಯುವ ಜಾಗವನ್ನು ಖಾಲಿ ಬಿಟ್ಟೆವು.

ಡಾಕ್ಟರು ಹೋದ ಮೇಲೆ ಅಕ್ಕ ಒಳಗೆ ಬಂದಳು. "ಅವನಿಗೆ ಎಷ್ಟು ಬರ್ದಿದ್ದೆ?"

"ಎಂಟು."

"ಆರು ಕೆಮ್ಮಿದ. ಇನ್ನೆರಡು ಎಲ್ಲೋಯ್ತು?"

ಅದಕ್ಕೆ ನಿಯಮವೇ ಇರಲಿಲ್ಲ. ಪಾಲು ಮುಗಿಯುವ ಮೊದಲೇ ಯಾರೂ ಸತ್ತಿರಲಿಲ್ಲ. ಗೊತ್ತಿಲ್ಲ ಎಂದೆ. ಅವಳು ದಫ್ತರದ ಮೇಲೆ ಬಗ್ಗಿ ಅವನ ಸಾಲನ್ನು ಬೆರಳಿಟ್ಟು ಹುಡುಕಿದಳು, ಹೆಸರು ಓದಿದಳು, ವಯಸ್ಸು ಓದಿದಳು. ಅವನ ಎಪ್ಪತ್ತೈದರ ಹಬ್ಬಕ್ಕೆ ಹಿಟ್ಟು ಬೀಸಿಕೊಟ್ಟವಳು ಅವಳು.

"ಗೊತ್ತಿದ್ದೂ ಬರ್ದೆಯಾ ಇಂದೂ?"

"ಹೂಂ."

"ನಂಗೋಸ್ಕರ ಬರ್ದೆಯಾ, ಲೆಕ್ಕ ಸರಿಹೋಗ್ಲಿ ಅಂತ ಬರ್ದೆಯಾ?"

ನಿನಗೋಸ್ಕರ ಎಂದು ಹೇಳಲು ಬಾಯಿ ತೆರೆದೆ. ಆ ಸಂಜೆ ಬಾಗಿಲಲ್ಲಿ ನಿಂತಿದ್ದಾಗ ನನ್ನ ಕಣ್ಣ ಮುಂದೆ ಇದ್ದದ್ದು ಅಕ್ಕನ ಮುಖವೋ, ಎಂಟುನೂರ ಎಪ್ಪತ್ತೈದು ಎಂಬ ಅಂಕಿಯೋ ಎಂದು ಹುಡುಕಿದೆ. ಎರಡೂ ಒಂದರ ಮೇಲೊಂದು ಕೂತಿದ್ದವು, ಬಿಡಿಸಲಾಗಲಿಲ್ಲ.

"ಗೊತ್ತಿಲ್ಲ ಕಣಕ್ಕ" ಎಂದೆ.

ಅವಳು ದಫ್ತರವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಒಂದು ನನಗೆ ಬಿಡು ಎಂದು ಕೈ ಚಾಚಿದೆ. ಅವಳು ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ, ಉಳಿದಿದ್ದ ಎರಡು ಪಾಲಿಗೂ ತಾನೇ ಹೆಬ್ಬೆಟ್ಟು ಒತ್ತಿದಳು.